ಲಕ್ಷ ಮೊಟ್ಟೆ, ಎರಡು ಮೀನು

ಮುಂಗಾರಿನ ಮೊದಲ ಜೋರು ಮಳೆಗೆ ಹಳ್ಳಗಳಲ್ಲಿ ಕೆಂಪು ನೀರು ಇಳಿದದ್ದೇ ತಡ, ಮಲೆನಾಡಿನಲ್ಲಿ ಹತ್ತುಮೀನಿನ ಶಿಕಾರಿ ಶುರುವಾಗುತ್ತದೆ. ಹೊಳೆಯಿಂದ ಹಳ್ಳಕ್ಕೆ, ಹಳ್ಳದಿಂದ ಗದ್ದೆಯ ಕಾಲುವೆಗೆ, ನೀರಿಗೆ ಎದುರಾಗಿ ಹತ್ತಿ ಬರುವ ಮೀನಿಗೆ ಆ ಹೊತ್ತಿನಲ್ಲಿ ಮೈಮೇಲೆ ಎಚ್ಚರವಿರುವುದಿಲ್ಲ. ಒಂದು ಮೊಳ ನೀರಿರುವ ಕಡೆ ಕೂಣಿ ಇಟ್ಟರೂ ಬೀಳುತ್ತದೆ, ಟಾರ್ಚು ಬಿಟ್ಟು ಕತ್ತಿ ಬೀಸಿದರೂ ಸಿಗುತ್ತದೆ. ಹಿಡಿದದ್ದರ ಹೊಟ್ಟೆ ಸೀಳಿದರೆ ಒಳಗೆಲ್ಲ ಮೊಟ್ಟೆ. ಮೊಟ್ಟೆ ಇಡಲು ಬಂದದ್ದನ್ನು ಹಿಡಿಯಬೇಡಿ ಎಂದವರಿಗೆ ಸಿದ್ಧ ಉತ್ತರವೊಂದಿದೆ: ಒಂದು ಮೀನು ಲಕ್ಷಗಟ್ಟಲೆ ಮೊಟ್ಟೆ ಇಡುತ್ತದೆ, ನಾವು ನಾಲ್ಕು ಹಿಡಿದರೆ ಹೊಳೆ ಬರಿದಾಗುತ್ತದೆಯೇ? ಕೇಳಲು ನ್ಯಾಯವಾಗಿಯೇ ಇರುವ ಈ ಮಾತು ಮೀನಿನ ಬದುಕಿನ ಲೆಕ್ಕವನ್ನು ಪೂರ್ತಿ ತಿರುಗಾಮುರುಗಾ ಓದುತ್ತದೆ. ಲಕ್ಷ ಮೊಟ್ಟೆ ಮೀನಿನ ಶ್ರೀಮಂತಿಕೆಯಲ್ಲ. ಮರಿಗಾಗಿ ತಾನು ಏನನ್ನೂ ಮಾಡಲಾರೆ, ಉಳಿದದ್ದೆಲ್ಲ ನೀರಿನ ಪಾಲು ಎಂದು ಬಿಟ್ಟುಕೊಟ್ಟ ಜೀವಿಯ ಅಸಹಾಯಕತೆ ಅದು. ಮೊಟ್ಟೆಯ ಸಂಖ್ಯೆ ಹೆಚ್ಚಿದಷ್ಟೂ ಆ ಮೀನು ಹೊಳೆಯ ಪ್ರವಾಹಕ್ಕೆ, ಹುಲ್ಲು ಮುಳುಗಿದ ತಗ್ಗಿಗೆ, ಮಳೆಯ ಹೊತ್ತುಗೊತ್ತಿಗೆ ಹೆಚ್ಚು ಜೋತುಬಿದ್ದಿರುತ್ತದೆ ಎನ್ನುವುದು ಈ ಲೇಖನದ ವಾದ.

ರೋಹುವನ್ನೇ ತೆಗೆದುಕೊಳ್ಳೋಣ. ಬೆಳೆದ ಹೆಣ್ಣು ರೋಹು ತನ್ನ ತೂಕದ ಪ್ರತಿ ಕಿಲೋಗೆ ಸುಮಾರು 2 ಲಕ್ಷ ಮೊಟ್ಟೆ ಇಡುತ್ತದೆ. 3 ಕಿಲೋದ ಮೀನು ಒಂದು ಮಳೆಗಾಲಕ್ಕೆ 6 ಲಕ್ಷ ಇಟ್ಟು, ಮೂರು ಮಳೆಗಾಲ ಬದುಕಿತು ಎಂದುಕೊಳ್ಳಿ. ಒಟ್ಟು 18 ಲಕ್ಷ. ಹೊಳೆಯಲ್ಲಿ ರೋಹುವಿನ ಸಂಖ್ಯೆ ವರ್ಷದಿಂದ ವರ್ಷಕ್ಕೆ ಹೆಚ್ಚೂ ಆಗದೆ ಕಡಿಮೆಯೂ ಆಗದೆ ಇದೆ ಎಂದರೆ, ಈ 18 ಲಕ್ಷದಲ್ಲಿ ದೊಡ್ಡದಾಗಿ ಮತ್ತೆ ಮರಿ ಮಾಡುವಷ್ಟು ಬದುಕುವುದು ಸರಾಸರಿ ಎರಡೇ ಎರಡು. ತಾಯಿಯ ಜಾಗಕ್ಕೊಂದು, ತಂದೆಯ ಜಾಗಕ್ಕೊಂದು. ಎರಡಕ್ಕಿಂತ ಹೆಚ್ಚು ಉಳಿದಿದ್ದರೆ ಕೆಲವೇ ತಲೆಮಾರಿನಲ್ಲಿ ಹೊಳೆಯಲ್ಲಿ ನೀರಿಗಿಂತ ಮೀನೇ ಹೆಚ್ಚಾಗುತ್ತಿತ್ತು. ಅಂದರೆ 9 ಲಕ್ಷ ಮೊಟ್ಟೆಗೆ ಒಂದು ಮೀನು. ಈಗ ಆ ಎರಡರ ಜಾಗದಲ್ಲಿ ಒಂದೇ ಉಳಿಯುವಂತಾಯಿತು ಎನ್ನಿ. 18 ಲಕ್ಷ ಮೊಟ್ಟೆಯ ಲೆಕ್ಕದಲ್ಲಿ ಒಂದು ಮೀನಿನ ವ್ಯತ್ಯಾಸ ಯಾರ ಕಣ್ಣಿಗೂ ಬೀಳುವುದಿಲ್ಲ. ಆದರೆ ಸಾವಿರ ಮೀನಿದ್ದ ಕಡೆ ಮುಂದಿನ ತಲೆಮಾರಿಗೆ ಐನೂರು, ಅದರ ಮುಂದಿನದಕ್ಕೆ ಇನ್ನೂರೈವತ್ತು, ಮತ್ತೊಂದಕ್ಕೆ ನೂರಿಪ್ಪತ್ತೈದು. ಹತ್ತು ಹನ್ನೆರಡು ತಲೆಮಾರಿನಲ್ಲಿ ಮೀನು ಮಾಯ. ಆಗಲೂ ಪ್ರತಿ ಹೆಣ್ಣಿನ ಹೊಟ್ಟೆಯಲ್ಲಿ ಅದೇ 6 ಲಕ್ಷ ಮೊಟ್ಟೆ ಇದ್ದೇ ಇರುತ್ತದೆ. ಲಕ್ಷ ಮೊಟ್ಟೆ ನೋಡಿ ಧೈರ್ಯ ತಂದುಕೊಳ್ಳುವವರು ಗಮನಿಸದ ಸಂಗತಿ ಇದು.

ಉಳಿದ ಮೊಟ್ಟೆಗಳೆಲ್ಲ ಎಲ್ಲಿ ಹೋದವು? ರೋಹು, ಕಾಟ್ಲಾ, ಮೃಗಾಲ್‌ಗಳು ಮೊಟ್ಟೆಯಿಡಲು ಕಾಯುವುದು ನದಿ ದಂಡೆ ಮೀರಿ ಆಚೀಚಿನ ಬಯಲಿಗೆ ಹರಡುವ ಪ್ರವಾಹಕ್ಕೆ. ನೀರು ಏರಿ ಹುಲ್ಲುಗಾವಲು ಮುಳುಗಿ ಮೊಣಕಾಲುದ್ದ ನಿಂತ ಕಡೆ ಗಂಡು ಹೆಣ್ಣುಗಳು ಒಟ್ಟು ಸೇರುತ್ತವೆ, ಮೊಟ್ಟೆಯನ್ನೂ ವೀರ್ಯವನ್ನೂ ನೀರಿಗೆ ಬಿಟ್ಟು ಹೊರಟುಬಿಡುತ್ತವೆ. ಅಲ್ಲಿಗೆ ತಂದೆತಾಯಿಯ ಕರ್ತವ್ಯ ಮುಗಿಯಿತು. ಸಾಸಿವೆಗಿಂತ ಚಿಕ್ಕದಾಗಿದ್ದ ಮೊಟ್ಟೆ ನೀರು ಹೀರಿ ಸಾಬೂದಾನಿಯಂತೆ ಉಬ್ಬುತ್ತದೆ. 27–28 ಡಿಗ್ರಿ ಬಿಸಿಯ ನೀರಿನಲ್ಲಿ 14ರಿಂದ 18 ಗಂಟೆಯೊಳಗೆ ಒಡೆಯುತ್ತದೆ. ಹೊರಬರುವುದು ನಾಲ್ಕೈದು ಮಿಲಿಮೀಟರಿನ, ಬಾಯಿಯೇ ತೆರೆಯದ, ಎದೆಗೆ ಹಳದಿಯ ಚೀಲ ಅಂಟಿಸಿಕೊಂಡ ಪಾರದರ್ಶಕ ಎಳೆ. ಚೀಲದ ಬುತ್ತಿ ಸುಮಾರು ಮೂರು ದಿನಕ್ಕೆ ಸಾಕು. ಅಷ್ಟರಲ್ಲಿ ಬಾಯಿ ತೆರೆಯಬೇಕು. ತೆರೆದ ಬಾಯಿಗೆ ಹಿಡಿಸುವಷ್ಟು ಸಣ್ಣ ಪ್ರಾಣಿಪ್ಲವಕಗಳು ಅದೇ ಜಾಗದಲ್ಲಿ, ಅದೇ ದಿನ ಇರಬೇಕು. ಹೊಸದಾಗಿ ಮುಳುಗಿದ ನೆಲದಲ್ಲಿ ಹುಲ್ಲು, ಸಗಣಿ, ತರಗೆಲೆ ಕೊಳೆತು ಈ ಸೂಕ್ಷ್ಮಜೀವಿಗಳು ಉಕ್ಕುವುದೂ ಅದೇ ಹೊತ್ತಿಗೆ. ಮೀನು ಹೊಸನೀರಿಗೆ ಮುಗಿಬೀಳುವುದರ ಗುಟ್ಟು ಇದು. ಮಳೆ ನಾಲ್ಕು ದಿನ ಕೈಕೊಟ್ಟು ತಗ್ಗು ಒಣಗಿದರೆ, ನೀರು ಕಾಲಕ್ಕೆ ಮುಂಚೆ ಇಳಿದುಹೋದರೆ ಇಡೀ ಸಂತತಿ ಒಂದೇ ಮಧ್ಯಾಹ್ನದಲ್ಲಿ ಮುಗಿಯುತ್ತದೆ. ನಾರ್ವೆಯ ವಿಜ್ಞಾನಿ ಯೋಹಾನ್ ಯೋರ್ಟ್ 1914ರಲ್ಲಿ ಕಡಲ ಮೀನುಗಳ ಬಗ್ಗೆ ಬರೆಯುತ್ತ, ಮೀನಿನ ಫಸಲು ಯಾವ ವರ್ಷ ಹುಲುಸು, ಯಾವ ವರ್ಷ ಬಡವು ಎನ್ನುವುದು ತಾಯಿಮೀನು ಎಷ್ಟಿದ್ದವು ಎನ್ನುವುದಕ್ಕಿಂತ ಮರಿಗಳ ಈ ಮೊದಲ ತುತ್ತಿನ ದಿನಗಳ ಮೇಲೆ ನಿಂತಿದೆ ಎಂದು ವಾದಿಸಿದ. ಅವನ ವಾದದ ವಿವರಗಳಿಗೆ ಆಮೇಲೆ ಬೇಕಾದಷ್ಟು ತಿದ್ದುಪಡಿಗಳು ಬಂದಿವೆ. ಮೀನಿನ ಹಣೆಬರಹ ಬರೆಯುವುದು ಬದುಕಿನ ಮೊದಲ ಕೆಲವು ವಾರಗಳು ಎನ್ನುವ ಮೂಲ ಮಾತು ಮಾತ್ರ ಬಹುಮಟ್ಟಿಗೆ ಇಂದಿಗೂ ನಿಂತಿದೆ.

ಹಾಗಾದರೆ ಮೊಟ್ಟೆಗಿಷ್ಟು ಹೆಚ್ಚು ಬುತ್ತಿ ಕಟ್ಟಿಕೊಡಬಾರದೇ? ಅಲ್ಲಿದೆ ತೊಡಕು. ತಾಯಿಯ ಹೊಟ್ಟೆಯ ಜಾಗ ಇಷ್ಟೇ, ಅವಳು ತಿಂದು ಕೂಡಿಸಿಟ್ಟ ಕೊಬ್ಬೂ ಇಷ್ಟೇ. ರಾಗಿ ಬೆಳೆಯುವ ಗಿಡ ತೆಂಗಿನಕಾಯಿ ಬಿಡಲಾರದು. ತೆಂಗಿನಮರ ರಾಗಿಯಷ್ಟು ಕಾಳು ಉದುರಿಸಲಾರದು. ಮೊಟ್ಟೆ ದೊಡ್ಡದಾದರೆ ಸಂಖ್ಯೆ ಇಳಿಯಬೇಕು, ಸಂಖ್ಯೆ ಏರಿದರೆ ಬುತ್ತಿ ಸಣ್ಣದಾಗಬೇಕು. ಇವೆರಡರ ನಡುವಿನ ತಕ್ಕಡಿಯನ್ನು ಬೇರೆ ಬೇರೆ ಮೀನು ಬೇರೆ ಬೇರೆ ಕಡೆಗೆ ವಾಲಿಸಿವೆ. ಮಶೀರ್ ಒಂದು ತುದಿಯತ್ತ ಸರಿದ ಮೀನು. ಕಾವೇರಿ, ತುಂಗೆಯ ಬಂಡೆಗಳ ನಡುವೆ, ಶೃಂಗೇರಿ, ರಾಮನಾಥಪುರ, ಶಿಶಿಲದ ದೇವರ ಮಡುಗಳಲ್ಲಿ ಭಕ್ತರ ಪುರಿ ತಿನ್ನುವ ಆ ದೊಡ್ಡ ಹುರುಪೆಯ ಮೀನುಗಳ ಮೊಟ್ಟೆ ಅಷ್ಟೇ ತೂಕದ ರೋಹುವಿನದಕ್ಕಿಂತ ಹತ್ತಾರು ಪಟ್ಟು ಕಡಿಮೆ. ಆದರೆ ಒಂದೊಂದೂ ದೊಡ್ಡದು, ಹಳದಿ ಬುತ್ತಿ ಗಟ್ಟಿ. ಹರಿಯುವ ತಣ್ಣೀರಿನಲ್ಲಿ ಜಲ್ಲಿಕಲ್ಲಿನ ಸಂದಿಗೆ ಇಳಿದ ಮೊಟ್ಟೆ ಒಡೆಯಲು ಮೂರು ನಾಲ್ಕು ದಿನ ಬೇಕು. ಒಡೆದ ಮೇಲೂ ಮರಿ ಕಲ್ಲಿನ ಸಂದಿಯಲ್ಲೇ ಅವಿತು ಚೀಲದ ಬುತ್ತಿ ತಿಂದು ಗಟ್ಟಿಯಾಗುತ್ತದೆ. ಮರಿಗೆ ಬಲ ಹೆಚ್ಚು, ನಿಜ. ಆದರೆ ಅಷ್ಟೂ ದಿನ ಆ ಕಲ್ಲಿನ ಸಂದಿಯಲ್ಲಿ ಆಮ್ಲಜನಕ ತುಂಬಿದ ಶುಭ್ರ ನೀರು ಹರಿಯುತ್ತಿರಬೇಕು. ಮೇಲಿನ ಊರಲ್ಲಿ ಮರಳು ಬಗೆದು ಕೆಸರು ಕೂತರೆ ಮೊಟ್ಟೆ ಉಸಿರುಗಟ್ಟುತ್ತದೆ.

ಕೊರವ ಇನ್ನೊಂದೇ ದಾರಿ ಹಿಡಿದಿದೆ. ನಮ್ಮ ಕೆರೆಗಳ ಈ ಹಾವಿನ ತಲೆಯ ಮೀನನ್ನು ಹತ್ತಿರದಿಂದ ನೋಡಿದವರಿಗೆ ಮೀನಿನ ಬಗ್ಗೆ ಇರುವ ಅರ್ಧ ತಾತ್ಸಾರ ಇಳಿದುಹೋಗುತ್ತದೆ. ಜೊಂಡು, ನೀರುಗಿಡ ಬೆಳೆದ ಕೆರೆಯಂಚಿನಲ್ಲಿ ಜೋಡಿಮೀನು ಗಿಡಗಳನ್ನು ಕಚ್ಚಿ, ತಳ್ಳಿ, ಒಂದು ತಟ್ಟೆಯಗಲ ನೀರನ್ನು ಬಯಲು ಮಾಡಿಕೊಳ್ಳುತ್ತದೆ. ಎಣ್ಣೆಯ ಹನಿ ಇರುವ ಹೊಂಬಣ್ಣದ ಮೊಟ್ಟೆಗಳು ಆ ಬಯಲಿನ ಮೇಲೆ ಕೆನೆಯಂತೆ ತೇಲುತ್ತವೆ. ಒಂದೆರಡು ದಿನದಲ್ಲಿ ಮೊಟ್ಟೆ ಒಡೆದ ಮೇಲೆ ಕಾವಲಿನ ನಿಜವಾದ ಕೆಲಸ ಶುರು. ಕೆಂಪು-ಕಿತ್ತಳೆ ಬಣ್ಣದ ನೂರಾರು ಮರಿಗಳು ಒತ್ತಾಗಿ ಗುಂಪುಗಟ್ಟಿ ತೇಲುತ್ತವೆ. ಅಡಿಯಲ್ಲಿ, ಒಂದು ಗೇಣು ಕೆಳಗೆ, ದೊಡ್ಡ ಮೀನು ಅಲುಗದೆ ನಿಂತಿರುತ್ತದೆ. ಗುಂಪು ಸರಿದತ್ತ ಅದೂ ಸರಿಯುತ್ತದೆ. ಕಪ್ಪೆ ಹತ್ತಿರ ಬಂದರೆ, ಇನ್ನೊಂದು ಮೀನು ಮೂಸಿದರೆ, ಕೊನೆಗೆ ಮನುಷ್ಯ ಕಾಲಿಟ್ಟರೂ ಏರಿಬರುವುದುಂಟು. ಹೀಗೆ ವಾರಗಟ್ಟಲೆ. ಇಷ್ಟು ಆರೈಕೆಗೆ ತೆರಬೇಕಾದ ಬೆಲೆ ಮೊಟ್ಟೆಯ ಸಂಖ್ಯೆಯಲ್ಲಿದೆ: ಕೊರವದ ಮೊಟ್ಟೆಯನ್ನು ಲಕ್ಷದಲ್ಲಲ್ಲ, ಸಾವಿರದಲ್ಲಿ ಎಣಿಸಬೇಕು. ಮಳೆಗಾಲಕ್ಕೆ 10 ಸಾವಿರ ಎಂದಿಟ್ಟುಕೊಂಡು ಮೇಲಿನ ಲೆಕ್ಕವನ್ನೇ ಮಾಡಿದರೆ 15 ಸಾವಿರಕ್ಕೆ ಒಂದು ಮೀನು ಉಳಿದರೂ ಕೊರವದ ವಂಶ ನಡೆಯುತ್ತದೆ. ಮರಿಯೊಂದರ ಪಾಲಿಗೆ ಇದು ರೋಹುವಿಗಿಂತ ಅರವತ್ತು ಪಟ್ಟು ಒಳ್ಳೆಯ ಅದೃಷ್ಟ.

ಮುಗುಡು ಮೀನೂ ಇದೇ ಜಾತಿಯ ಸಂಸಾರಿ. ಮಳೆ ಬಿದ್ದಾಗ ನೀರು ನಿಂತ ಗದ್ದೆಗೆ ನುಗ್ಗಿ ಬದುವಿನ ಬುಡದಲ್ಲಿ ಗುಂಡಿ ಮಾಡಿ ಮೊಟ್ಟೆ ಇಡುತ್ತದೆ, ಗಂಡು ಕಾಯುತ್ತದೆ. ಹೌದು, ಗಂಡೇ. ಸಂತಾನವನ್ನು ಕಾಯುವ ಮೀನುಗಳಲ್ಲಿ ಹೆಚ್ಚಿನವು ಆ ಕೆಲಸವನ್ನು ಗಂಡಿಗೆ ಬಿಟ್ಟಿವೆ; ಪ್ರಕೃತಿಯಲ್ಲಿ ಸಾಕುವುದು ಹೆಣ್ಣಿನ ಕೆಲಸ ಎಂದು ಉಪದೇಶಿಸುವವರು ಒಮ್ಮೆ ಗದ್ದೆಯ ಬದುವಿಗೆ ಬಂದು ನೋಡಬೇಕು. ಮರಿ ಕಾಯುವ ರೂಢಿ ಕಡಲಿನ ಮೀನಿಗಿಂತ ಸಿಹಿನೀರಿನ ಮೀನುಗಳಲ್ಲಿ ಹೆಚ್ಚು. ಕಡಲಿನಲ್ಲಿ ತೇಲಿಬಿಟ್ಟ ಮೊಟ್ಟೆಗೆ ಹೋಗಲು ವಿಶಾಲ ಜಾಗವಿದೆ. ಕೆರೆ, ಕೊಳ್ಳಗಳಲ್ಲಿ ನೀರು ಇಂದು ಇದ್ದದ್ದು ನಾಳೆ ಇಲ್ಲ, ಉಸಿರಾಡಲು ಆಮ್ಲಜನಕ ಬೆಳಗಿನ ಜಾವ ತಳ ಕಾಣುತ್ತದೆ, ತಿನ್ನುವ ಬಾಯಿಗಳು ಮೊಳ ದೂರದಲ್ಲೇ ಇರುತ್ತವೆ. ಅಂಥಲ್ಲಿ ಕಾವಲಿಗೆ ಬೆಲೆಯಿದೆ.

ಈ ದಾರಿಗಳಲ್ಲಿ ಯಾವುದು ಮೇಲು ಎಂದು ಕೇಳುವುದರಲ್ಲಿ ಅರ್ಥವಿಲ್ಲ. ಅಮೆರಿಕದ ಕಿರ್ಕ್ ವೈನ್‌ಮಿಲ್ಲರ್ ಮತ್ತು ಕೆನೆತ್ ರೋಸ್ 1992ರಲ್ಲಿ ಉತ್ತರ ಅಮೆರಿಕದ ಮೀನುಗಳ ಬದುಕಿನ ವಿವರಗಳನ್ನೆಲ್ಲ ಒಟ್ಟು ಹಾಕಿ ನೋಡಿದಾಗ ಮೂರು ಬಗೆ ಎದ್ದು ಕಂಡವು. ಬೇಗ ಬೆಳೆದು, ಪದೇ ಪದೇ ಮರಿ ಹಾಕಿ, ಬೇಗ ಸಾಯುವ ಪುಟ್ಟ ಮೀನುಗಳು. ತಡವಾಗಿ ಬೆಳೆದು, ಒಳ್ಳೆಯ ವರ್ಷಕ್ಕಾಗಿ ಕಾದು, ಬಂದಾಗ ಲಕ್ಷಗಟ್ಟಲೆ ಮೊಟ್ಟೆ ಸುರಿಯುವ ದೊಡ್ಡ ಮೀನುಗಳು. ಕೆಲವೇ ದೊಡ್ಡ ಮೊಟ್ಟೆ ಇಟ್ಟು ಕಾಯುವ ಮೀನುಗಳು. ಎಲ್ಲಿ ಏಟು ಬೀಳುತ್ತದೋ ಅಲ್ಲಿಗೆ ಹೊಂದಿಕೊಂಡ ಉತ್ತರಗಳಿವು. ಇದು ಬರೀ ವರ್ಗೀಕರಣದ ಆಟವಲ್ಲ ಎನ್ನುವುದಕ್ಕೆ ಒಳ್ಳೆಯ ಪುರಾವೆ ಟ್ರಿನಿಡಾಡ್ ದ್ವೀಪದ ಗಪ್ಪಿಗಳಿಂದ ಸಿಕ್ಕಿತು. ನಮ್ಮಲ್ಲಿ ಸೊಳ್ಳೆಮರಿ ತಿನ್ನಲೆಂದು ತೊಟ್ಟಿ, ಬಾವಿಗಳಿಗೆ ಬಿಡುವ ಅದೇ ಗಪ್ಪಿ. ಜಾನ್ ಎಂಡ್ಲರ್ 1976ರಲ್ಲಿ ಅರಿಪೋ ನದಿಯಲ್ಲಿ, ದೊಡ್ಡ ಗಪ್ಪಿಗಳನ್ನು ಹಿಡಿದು ತಿನ್ನುವ ಮೀನಿದ್ದ ಜಾಗದಿಂದ ಗಪ್ಪಿಗಳನ್ನು ತಂದು, ಮರಿಗಳನ್ನಷ್ಟೇ ಆಗೊಮ್ಮೆ ಈಗೊಮ್ಮೆ ತಿನ್ನುವ ಮೀನಿರುವ ಉಪನದಿಗೆ ಬಿಟ್ಟ. ಹನ್ನೊಂದು ವರ್ಷದ ಮೇಲೆ, 30ರಿಂದ 60 ತಲೆಮಾರು ಕಳೆದ ಮೇಲೆ, ಡೇವಿಡ್ ರೆಜ್ನಿಕ್ ಮತ್ತು ಸಂಗಡಿಗರು ಅಳೆದರು. ಗಪ್ಪಿಗಳು ತಡವಾಗಿ ಪ್ರಾಯಕ್ಕೆ ಬರುತ್ತಿದ್ದವು, ಕಡಿಮೆ ಮರಿ ಹಾಕುತ್ತಿದ್ದವು, ಹಾಕಿದ ಮರಿಗಳು ದೊಡ್ಡವಾಗಿದ್ದವು. ಪ್ರಯೋಗಾಲಯದಲ್ಲಿ ಬೆಳೆಸಿದ ಅವುಗಳ ಮೊಮ್ಮಕ್ಕಳಲ್ಲೂ ಈ ಗುಣ ಉಳಿದಿತ್ತು. ಯಾರು ಯಾವಾಗ ಸಾಯುತ್ತಾರೆ ಎನ್ನುವುದು ಬದಲಾದರೆ ಮೀನಿನ ಸಂತಾನದ ಲೆಕ್ಕವೂ ಬದಲಾಗುತ್ತದೆ. ಗಪ್ಪಿಗೆ ವರ್ಷಕ್ಕೆ ಮೂರು ನಾಲ್ಕು ತಲೆಮಾರು, ಅದು ಹೊಂದಿಕೊಂಡೀತು. ಮಶೀರ್‌ಗೆ ಒಂದು ತಲೆಮಾರಿಗೇ ಹಲವು ವರ್ಷ ಬೇಕು, ಅದಕ್ಕೆ ಅಷ್ಟು ಬಿಡುವು ನಾವು ಕೊಟ್ಟಿಲ್ಲ.

ನಮ್ಮ ನದಿಗಳ ನಿಯಮ ಒಂದು ಶತಮಾನದೊಳಗೆ ಬದಲಾಯಿತು. 1930ರ ದಶಕದ ಹೊತ್ತಿಗೆ ಕೃಷ್ಣರಾಜಸಾಗರ, 1953ರಲ್ಲಿ ತುಂಗಭದ್ರಾ, ಆಮೇಲೆ ಭದ್ರಾ, ಕಬಿನಿ, ಹೇಮಾವತಿ ಎಂದು ಒಂದಾದ ಮೇಲೊಂದು ಅಣೆಕಟ್ಟುಗಳು ನಿಂತವು. ಅನ್ನಕ್ಕೂ ಬೆಳಕಿಗೂ ಅವು ಬೇಕಾಗಿದ್ದವು, ಅದರ ತಕರಾರು ಇಲ್ಲಿಲ್ಲ. ಮೀನಿನ ಕಡೆಯಿಂದ ನೋಡಿದರೆ ಮಾತ್ರ ಆದದ್ದಿಷ್ಟು: ಮೇಲೆ ಹತ್ತುವ ದಾರಿ ಗೋಡೆಗೆ ಮುಟ್ಟಿ ನಿಂತಿತು, ಕೆಳಗೆ ಮುಂಗಾರಿನ ಮೊದಲ ಪ್ರವಾಹವೇ ಬರದಾಯಿತು, ಮೊದಲ ಮಳೆಯ ನೀರೆಲ್ಲ ಜಲಾಶಯ ತುಂಬಲು ಹೋಯಿತು. ಪ್ರವಾಹವನ್ನೇ ನಂಬಿದ ಕೆಮ್ಮೀನು, ಮಶೀರ್, ಬಾಳೆಮೀನುಗಳು ಇದರಿಂದ ನಡುಬೀದಿಗೆ ಬಿದ್ದವು. ಆದರೆ ಆ ನಿಂತ ನೀರು ಯಾರಿಗೆ ಹಬ್ಬವಾಯಿತು ನೋಡಿ. ಆಫ್ರಿಕಾ ಮೂಲದ ತಿಲಾಪಿಯಾ, ನಮ್ಮ ಹಳ್ಳಿಗಳ ಜಿಲೇಬಿ ಮೀನು, 1952ರಲ್ಲಿ ಭಾರತಕ್ಕೆ ಬಂದದ್ದು. ಅದಕ್ಕೆ ಪ್ರವಾಹವೂ ಬೇಡ, ಹುಲ್ಲುಗಾವಲೂ ಬೇಡ. ಗಂಡು ಕೆಸರಿನಲ್ಲಿ ಬಟ್ಟಲಿನಂಥ ಗುಂಡಿ ತೋಡುತ್ತದೆ. ಹೆಣ್ಣು ತಾನಿಟ್ಟ ಕೆಲವು ನೂರು ಮೊಟ್ಟೆಗಳನ್ನು ಬಾಯಲ್ಲಿಟ್ಟುಕೊಂಡು ಎರಡು ವಾರದಷ್ಟು ಕಾಲ ಉಪವಾಸ ಮಾಡುತ್ತದೆ. ಮರಿ ಈಜಲು ಕಲಿತ ಮೇಲೂ ಗದ್ದಲವಾದರೆ ಓಡಿಬಂದು ತಾಯಿಯ ಬಾಯಿ ಹೊಗುತ್ತದೆ. ವರ್ಷದಲ್ಲಿ ಹಲವು ಬಾರಿ ಇದೇ ಕತೆ, ಅದೂ ಎರಡು ಮೂರು ತಿಂಗಳ ಪ್ರಾಯದಿಂದ. ಒಂದು ಬಾರಿಗೆ ಕೆಲವು ನೂರು ಮೊಟ್ಟೆಯ ಜಿಲೇಬಿ ನಮ್ಮ ಕೆರೆ, ಜಲಾಶಯಗಳನ್ನು ತುಂಬಿಕೊಂಡಿತು. ಲಕ್ಷ ಮೊಟ್ಟೆಯ ಊರಮೀನುಗಳು ಹಿಂದೆ ಸರಿದವು. ಮೊಟ್ಟೆಯ ಎಣಿಕೆಯೇ ಮೀನನ್ನು ಉಳಿಸುವುದಾಗಿದ್ದರೆ ಇದು ಉಲ್ಟಾ ಆಗಬೇಕಿತ್ತು.

ಇಲ್ಲಿ ಮೀನುಶಾಸ್ತ್ರ ಬಲ್ಲವರು ಒಂದು ಗಟ್ಟಿ ಆಕ್ಷೇಪ ಎತ್ತುತ್ತಾರೆ. ಮರಿಗಳ ಸಾವು ಅವುಗಳ ದಟ್ಟಣೆಯನ್ನು ಅವಲಂಬಿಸಿದೆ. ಮೊಟ್ಟೆ ಕಡಿಮೆಯಾದರೆ ಉಳಿದ ಮರಿಗಳಿಗೆ ಮೇವು ಹೆಚ್ಚು ಸಿಗುತ್ತದೆ, ಜಾಗ ಹೆಚ್ಚು ಸಿಗುತ್ತದೆ, ಅವು ಹೆಚ್ಚು ಬದುಕಿ ನಷ್ಟ ತುಂಬಿಕೊಡುತ್ತವೆ. ಹಾಗಾಗಿ ಹತ್ತು ತಾಯಿಮೀನು ಹೋದರೂ ಅಷ್ಟೇ ಮರಿ ದೊಡ್ಡವಾಗುತ್ತವೆ. ಇದು ನಿಜ. ಮೀನು ಹಿಡಿದೂ ಮೀನು ಉಳಿಯುವುದು ಈ ಸರಿದೂಗಿಸುವ ಗುಣದಿಂದಲೇ. ಇಲ್ಲದಿದ್ದರೆ ಜಗತ್ತಿನ ಮೀನುಗಾರಿಕೆಯೇ ಎಂದೋ ಮುಚ್ಚಿಹೋಗುತ್ತಿತ್ತು. ಆದರೆ ಇದು ನಡೆಯುವುದು ಮರಿಗಳು ಒಂದಕ್ಕೊಂದು ಪೈಪೋಟಿ ಮಾಡಿ ಸಾಯುವ ಕಡೆ. ಮುಳುಗಿದ ಬಯಲೇ ಇಲ್ಲದೆ, ಕೆಸರು ಕೂತು ಉಸಿರುಕಟ್ಟಿ, ಗದ್ದೆಯ ಔಷಧದ ನೀರು ತಾಗಿ ಸಾಯುವ ಮೊಟ್ಟೆಗೆ ಪಕ್ಕದ ಮೊಟ್ಟೆ ಇದ್ದರೇನು, ಇಲ್ಲದಿದ್ದರೇನು? ನೂರರಲ್ಲಿ ತೊಂಬತ್ತೊಂಬತ್ತು ಸಾಯುವ ಜಾಗದಲ್ಲಿ ಹತ್ತಿದ್ದರೂ ಅದೇ ಪ್ರಮಾಣದಲ್ಲಿ ಸಾಯುತ್ತವೆ. ಇನ್ನು ಕೊರವದಂಥ ಕಾವಲುಮೀನಿನ ವಿಷಯದಲ್ಲಿ ಈ ಆಕ್ಷೇಪ ಪೂರ್ತಿ ತಲೆಕೆಳಗು. ಕೆಂಪು ಮರಿಗಳ ಗುಂಪು ಕಂಡಲ್ಲಿ ಕೆಳಗೆ ದೊಡ್ಡ ಮೀನಿದೆ ಎಂದು ಗಾಳ ಬಿಡುವುದು, ಈಟಿ ಎಸೆಯುವುದು ಹಳೆಯ ಜಾಣತನ. ಕಾವಲಿನ ಮೀನು ಹೋದದ್ದೇ ಗುಂಪು ದಿಕ್ಕೆಡುತ್ತದೆ. ಉಳಿದ ಮೀನು, ಕಪ್ಪೆ, ಹಕ್ಕಿಗಳ ಪಾಲಾಗುತ್ತದೆ. ಅಲ್ಲಿ ಹೋದದ್ದು ಒಂದು ಮೀನಲ್ಲ, ಅದರ ಆ ವರ್ಷದ ಸಂತಾನವೆಲ್ಲ.

ಎರಡನೆಯ ಆಕ್ಷೇಪ ಇನ್ನೂ ಜನಪ್ರಿಯ. ಹೊಳೆಯಲ್ಲಿ ಮೊಟ್ಟೆ ಉಳಿಯದಿದ್ದರೇನಂತೆ, ನಾವು ಹ್ಯಾಚರಿಯಲ್ಲಿ ಮರಿ ಮಾಡಿ ಬಿಡುತ್ತೇವಲ್ಲ? ಈ ಮಾತಿನ ಹಿಂದೆ ಒಂದು ದೊಡ್ಡ ಸಾಧನೆ ಇದೆ, ಅದನ್ನು ಗೌರವದಿಂದಲೇ ನೆನೆಯಬೇಕು. ರೋಹು, ಕಾಟ್ಲಾಗಳು ನಿಂತ ಕೆರೆಯಲ್ಲಿ ಎಷ್ಟು ಕೊಬ್ಬಿದರೂ ಮೊಟ್ಟೆ ಇಡುವುದಿಲ್ಲ. ಪ್ರವಾಹದ ಕರೆ ಬರದೆ ಅವುಗಳ ಮೈ ಒಪ್ಪುವುದಿಲ್ಲ. ಹಾಗಾಗಿ ಸಾಕುವವರು ನದಿಗಳಿಂದ ಮರಿ ಸೋಸಿ ತರಬೇಕಿತ್ತು, ಅದರಲ್ಲಿ ಬೇಡದ ಮೀನಿನ ಮರಿಗಳೂ ಬೆರೆತಿರುತ್ತಿದ್ದವು. 1957ರ ಜುಲೈ 10ರಂದು ಒಡಿಶಾದ ಅಂಗುಲ್‌ನಲ್ಲಿ ಹೀರಾಲಾಲ್ ಚೌಧುರಿ ಮತ್ತು ಕೆ.ಎಚ್. ಅಲಿಕುಂಞಿ ಅವರು ಮೀನಿನ ಪಿಟ್ಯುಟರಿ ಗ್ರಂಥಿಯ ಸಾರವನ್ನು ಚುಚ್ಚುಮದ್ದಾಗಿ ಕೊಟ್ಟು ಈ ಮೀನುಗಳಿಂದ ಮೊಟ್ಟೆ ಇಡಿಸಿದರು. ಇಂದಿಗೂ ಆ ದಿನವನ್ನು ರಾಷ್ಟ್ರೀಯ ಮೀನು ಕೃಷಿಕರ ದಿನವಾಗಿ ಆಚರಿಸುತ್ತಾರೆ. ಊರ ಕೆರೆ ಗುತ್ತಿಗೆ ಹಿಡಿದು ಮೀನು ಸಾಕುವ ಸಾವಿರಾರು ಕುಟುಂಬಗಳು ಇಂದು ಇಲಾಖೆಯ ಕೇಂದ್ರಗಳಿಂದ ಮರಿ ತಂದು ಬಿಡುತ್ತಿರುವುದು ಆ ಚುಚ್ಚುಮದ್ದಿನ ದಯೆ. ಹ್ಯಾಚರಿ ಮಾಡುವುದು ಇಷ್ಟೇ: ಮೊಟ್ಟೆ ಮತ್ತು ಮರಿಯ ಆ ಭಯಂಕರ ಮೊದಲ ದಿನಗಳನ್ನು ಸಿಮೆಂಟು ತೊಟ್ಟಿಯಲ್ಲಿ ದಾಟಿಸುವುದು. ಬೆಳೆಯಲೆಂದೇ ಕೆರೆಗೆ ಬಿಡುವ, ಅಲ್ಲಿ ಹೇಗೂ ಮರಿ ಮಾಡದ ಮೀನಿಗೆ ಇದಕ್ಕಿಂತ ಒಳ್ಳೆಯ ಉಪಾಯ ಇಲ್ಲ. ಕೆರೆಯ ಬೇಸಾಯದ ಪ್ರಶ್ನೆಗೆ ಹ್ಯಾಚರಿ ಸರಿಯಾದ ಉತ್ತರ.

ಹೊಳೆಯ ಪ್ರಶ್ನೆಗೆ ಅಲ್ಲ. ಮೊದಲ ದಿನಗಳ ಸಾವನ್ನು ತಪ್ಪಿಸಿದರೆ ಆ ಸಾವು ಮಾಡುತ್ತಿದ್ದ ಆಯ್ಕೆಯೂ ತಪ್ಪುತ್ತದೆ. ಅಮೆರಿಕದ ಹುಡ್ ನದಿಯಲ್ಲಿ ಸ್ಟೀಲ್‌ಹೆಡ್ ಮೀನುಗಳ ವಂಶಾವಳಿಯನ್ನು ಜೀನ್‌ಗಳ ಜಾಡು ಹಿಡಿದು ನೋಡಿದ ಹಿತೋಶಿ ಅರಾಕಿ ಮತ್ತು ಸಂಗಡಿಗರು 2007ರಲ್ಲಿ ಪ್ರಕಟಿಸಿದ ಫಲಿತಾಂಶ ಹ್ಯಾಚರಿಯವರನ್ನೆಲ್ಲ ಬೆಚ್ಚಿಬೀಳಿಸಿತು: ಸಾಕಾಣಿಕೆಯಲ್ಲಿ ಕಳೆದ ಒಂದೊಂದು ತಲೆಮಾರಿಗೂ ನದಿಯಲ್ಲಿ ಸಂತಾನ ಉಳಿಸಿಕೊಳ್ಳುವ ಸಾಮರ್ಥ್ಯ ಸುಮಾರು ಶೇ 40ರಷ್ಟು ಕುಸಿಯುತ್ತಿತ್ತು. ದೂರದ ಉದಾಹರಣೆ ಬೇಡ ಎನ್ನುವವರಿಗೆ ಕಾವೇರಿಯ ಕತೆಯೇ ಇದೆ. ಕಾವೇರಿ ಕಣಿವೆಯ ಬೆನ್ನುಗೂನಿನ ಮಶೀರ್ ಜಗತ್ತಿನ ಗಾಳಗಾರರ ಕನಸಿನ ಮೀನಾಗಿತ್ತು. 1946ರಲ್ಲಿ ಮೈಸೂರಿನ ವ್ಯಾನ್ ಇಂಗೆನ್ ಹಿಡಿದದ್ದು 120 ಪೌಂಡಿನದು, ಅಂದರೆ 54 ಕಿಲೋ. 1970–80ರ ದಶಕಗಳಲ್ಲಿ ಮಶೀರ್ ಕಡಿಮೆಯಾಗುತ್ತಿದೆ ಎಂಬ ಕಳವಳದಿಂದ, ಸದುದ್ದೇಶದಿಂದಲೇ, ಮಹಾರಾಷ್ಟ್ರದ ಲೋನಾವಾಲಾದ ಹ್ಯಾಚರಿಯಲ್ಲಿ ಬೆಳೆಸಿದ ನೀಲಿ ರೆಕ್ಕೆಯ ಮಶೀರ್ ಮರಿಗಳನ್ನು ಕಾವೇರಿಗೂ ತಂದು ಬಿಟ್ಟರು. ಏಡ್ರಿಯನ್ ಪಿಂಡರ್ ಮತ್ತು ಸಂಗಡಿಗರು ಕಾವೇರಿಯ ಗಾಳದ ಶಿಬಿರಗಳಲ್ಲಿ 1998ರಿಂದ 2012ರವರೆಗೆ ಬರೆದಿಟ್ಟ ದಾಖಲೆ ತೆಗೆದು ನೋಡಿದಾಗ ಒಟ್ಟು ಸಿಗುವ ಮಶೀರ್ ಸಂಖ್ಯೆ ಏರುತ್ತಲೇ ಇತ್ತು. ಎಲ್ಲರಿಗೂ ಸಂತೋಷ. ಬಿಡಿಸಿ ನೋಡಿದರೆ ಏರಿದ್ದೆಲ್ಲ ಹೊರಗಿನಿಂದ ಬಂದ ನೀಲಿ ರೆಕ್ಕೆಯದು. ಬೆನ್ನುಗೂನಿನ ಮಶೀರ್ ಸಿಗುವುದು ವರ್ಷ ವರ್ಷಕ್ಕೆ ಅಪರೂಪವಾಗುತ್ತಿತ್ತು, ಸಿಕ್ಕ ಒಂದೊಂದರ ತೂಕ ಮಾತ್ರ ಹೆಚ್ಚುತ್ತಿತ್ತು. ತೂಕ ಹೆಚ್ಚಿದ್ದು ಸಂತೋಷದ ಸುದ್ದಿಯಲ್ಲ. ಸಿಗುತ್ತಿದ್ದುದೆಲ್ಲ ಮುದಿಮೀನು, ಮರಿ ಒಂದೂ ಬರುತ್ತಿಲ್ಲ ಎಂದು ಅದರರ್ಥ. ಆ ಮೀನಿಗೆ ಟಾರ್ ರೆಮಾದೇವಿ ಎಂಬ ವೈಜ್ಞಾನಿಕ ಹೆಸರು ಸಲ್ಲಬೇಕೆಂದು ಖಚಿತವಾದದ್ದು 2018ರಲ್ಲಿ. ಅಳಿವಿನ ಅಂಚಿನ ಅತಿ ಅಪಾಯದ ಪಟ್ಟಿಗೆ ಸೇರಿದ್ದೂ ಅದೇ ವರ್ಷ. ಲಕ್ಷಗಟ್ಟಲೆ ಮರಿ ಬಿಟ್ಟ ಅಂಕಿ ಅಂಶ ಕಡತದಲ್ಲಿ ಚೆನ್ನಾಗಿ ಕಾಣುತ್ತದೆ. ಯಾವ ಮೀನಿನ ಮರಿ, ಅದು ಹೊಳೆಯಲ್ಲಿ ತಾನೇ ಮರಿ ಮಾಡುತ್ತದೆಯೇ ಎನ್ನುವ ಪ್ರಶ್ನೆಗೆ ಆ ಅಂಕಿಯಲ್ಲಿ ಉತ್ತರವಿಲ್ಲ.

ಬಡವರ ತಟ್ಟೆಯ ವಿಚಾರವೂ ಬರುತ್ತದೆ. ವರ್ಷಕ್ಕೆ ನಾಲ್ಕು ದಿನ ಹೊಳೆ ತಾನಾಗಿ ಮನೆಬಾಗಿಲಿಗೆ ತಂದುಕೊಡುವ ಮೀನನ್ನು ಬೇಡ ಎನ್ನಲು ಪೇಟೆಯವರಿಗೇನು ಹಕ್ಕು? ಈ ಮಾತಿನಲ್ಲಿ ಹುರುಳಿದೆ. ಊರಮೀನುಗಳನ್ನು ಕಳೆದದ್ದು ಮುಖ್ಯವಾಗಿ ಕೂಣಿಯಲ್ಲ. ಅಣೆಕಟ್ಟು, ಮರಳುಗಣಿ, ಒತ್ತುವರಿಯಾದ ಕೆರೆಯಂಗಳ, ಕೀಟನಾಶಕ. ಹೊಣೆಯ ದೊಡ್ಡ ಪಾಲು ಅಲ್ಲೇ ಇದೆ ಎಂದು ಒಪ್ಪಬೇಕು. ಆದರೆ ಉಳಿದಿರುವ ತಾಯಿಮೀನು ಕಡಿಮೆಯಾದಷ್ಟೂ ಒಂದೊಂದರ ಬೆಲೆ ಏರುತ್ತದೆ, ಮತ್ತು ಮೀನು ಹತ್ತುವ ಹೊತ್ತು ಇಡೀ ಹೊಳೆಯ ಆ ವರ್ಷದ ತಾಯಿಮೀನುಗಳನ್ನೇ ಎರಡು ಅಡಿ ಅಗಲದ ಕಾಲುವೆಯಲ್ಲಿ ಒಟ್ಟು ತಂದು ನಿಲ್ಲಿಸುತ್ತದೆ. ಹಿಂದೆ ಕೂಣಿಯೊಂದೇ ಇದ್ದಾಗ ತಪ್ಪಿಸಿಕೊಂಡು ಮೇಲೆ ಹೋಗುತ್ತಿದ್ದವಕ್ಕೆ ಇಂದು ಬ್ಯಾಟರಿಯ ಶಾಕು, ಹಳ್ಳಕ್ಕೆ ಅಡ್ಡಲಾಗಿ ಕಟ್ಟಿದ ಸಣ್ಣ ಕಣ್ಣಿನ ಬಲೆ ಕಾಯುತ್ತಿರುತ್ತವೆ. ಕಡಲಿನಲ್ಲಿ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಂತ್ರದೋಣಿಗಳು ದಡದಲ್ಲಿ ನಿಲ್ಲುತ್ತವೆ. ಇಷ್ಟೋ ಅಷ್ಟೋ ಮುರಿದರೂ ಆ ನಿಯಮಕ್ಕೆ ಮೀನುಗಾರರ ಒಪ್ಪಿಗೆ ಇದೆ. ಒಳನಾಡಿನಲ್ಲೂ ಮುಂಗಾರಿನ ಆರಂಭದಲ್ಲಿ ಹತ್ತುಮೀನು ಹಿಡಿಯಬಾರದೆಂದು ಇಲಾಖೆಯ ಪ್ರಕಟಣೆ ಬರುವುದುಂಟು, ಪತ್ರಿಕೆಯ ಮೂಲೆಯಲ್ಲಿ ಉಳಿಯುವುದೂ ಉಂಟು. ಕಡಲಿನ ನಿಯಮ ಊರಿನವರ ನಿಯಮವಾದದ್ದು ಹೇಗೋ ಹಾಗೆ ಇದೂ ಆಗಬೇಕು, ಕೆಲಸವಿಲ್ಲದ ಆ ವಾರಗಳಿಗೆ ನದಿ ಮೀನುಗಾರರಿಗೆ ನೆರವೂ ಸಿಗಬೇಕು. ಅಣೆಕಟ್ಟಿನವರು ಮುಂಗಾರಿನ ಮೊದಲ ವಾರಗಳಲ್ಲಿ ಸ್ವಲ್ಪ ನೀರನ್ನಾದರೂ ಒಮ್ಮೆಲೇ ಬಿಟ್ಟು ನಾಲ್ಕೈದು ದಿನ ಇಳಿಸದೆ ಹಿಡಿದರೆ ಕೆಳಗಿನ ತಗ್ಗುಗಳಲ್ಲಿ ಮೊಟ್ಟೆ ಒಡೆದು ಮರಿ ಬಾಯಿ ತೆರೆಯುವಷ್ಟು ಸಮಯ ಸಿಗುತ್ತದೆ. ಮೀನುಮರಿ ಬಿತ್ತನೆಗೆ ಇಡುವ ದುಡ್ಡಿನ ಒಂದು ಪಾಲು ಇದರ ಪ್ರಯೋಗಕ್ಕೆ ಹೋದರೆ ತಪ್ಪಿಲ್ಲ.

ಈ ಮಳೆಗಾಲಕ್ಕೆ ನಾವು ಮಾಡಬಹುದಾದದ್ದು ಸರಳ. ಹತ್ತುವ ಮೀನನ್ನು ಬಿಡಿ. ಮೊಟ್ಟೆ ಇಟ್ಟ ಮೇಲೆ ಅವು ಅದೇ ಹಳ್ಳದಲ್ಲಿ ಹೊಳೆಗೆ ಇಳಿಯುತ್ತವೆ. ಮೀನು ತಿನ್ನಲೇಬೇಕೆಂದರೆ ಆಗ ಹಿಡಿಯಿರಿ.